ಕೇಶರಬಾಯಿ ಹೂಳಿದ ಗಡಿಗೆ

ಔರಾದದ ಹಳೆಯ ಓಣಿಗಳಲ್ಲಿ ಮೂವತ್ತು ದಾಟಿದವರನ್ನು ಕೇಳಿ ನೋಡಿ. ಅವರಲ್ಲಿ ಅರ್ಧ ಜನ ಈ ಲೋಕಕ್ಕೆ ಬಂದು ಮೊದಲು ಇಳಿದದ್ದು ಕೇಶರಬಾಯಿಯ ಅಂಗೈಯ ಮೇಲೆ. ಸೂಲಗಿತ್ತಿಯ ಕೆಲಸ ಆಕೆಗೆ ತಾಯಿಯಿಂದ ಬಂದದ್ದು. ಈಗ ಹೆರಿಗೆಗಳೆಲ್ಲ ಆಸ್ಪತ್ರೆಯಲ್ಲಿಯೇ ಆಗುತ್ತವೆ. ಅದಕ್ಕಾಗಿ ಆಕೆ ಮುಖ ಸಣ್ಣದು ಮಾಡಿಕೊಂಡವಳಲ್ಲ. ‘ಛಲೋ ಆಯ್ತು, ನಾನೂ ನಿದ್ದಿ ಮಾಡ್ತೇನಿ’ ಎಂದು ನಗುತ್ತಿದ್ದಳು. ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹಾಕುವುದು, ಹಸಿಗೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವುದು, ಬಸುರಿಯ ಹೊಟ್ಟೆ ಮುಟ್ಟಿ ತಿಂಗಳು ಹೇಳುವುದು, ಇಷ್ಟು ಕೆಲಸ ಉಳಿದಿತ್ತು. ಆಕೆಯ ಕೈ ಹೇಳಿದ್ದು ಸುಳ್ಳಾಗುವುದಿಲ್ಲವೆಂದು ಓಣಿಯೇ ನಂಬಿತ್ತು. ಆ ಕೈ ಒಮ್ಮೆ ತಪ್ಪಿತು. ತಪ್ಪಿದ್ದು ಸ್ವಂತ ಸೊಸೆಯ ಹೊಟ್ಟೆಯ ಮೇಲೆ.

ಸೊಸೆಯ ಹೆಸರು ಮಹಾಮಾಯಾ; ತವರು ಭಾಲ್ಕಿ. ಬಿ.ಎ. ಓದಿದ ಹುಡುಗಿ, ಮಾತು ಕಡಿಮೆ. ಮಗ ಕೈಲಾಶ ಪಟ್ಟಣ ಪಂಚಾಯಿತಿಯ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದ. ಮದುವೆಯಾದ ಎರಡನೆಯ ವರ್ಷ ಮಹಾಮಾಯಾ ಬಸುರಾದಳು. ಮೂರು ತಿಂಗಳು ತುಂಬುವಷ್ಟರಲ್ಲಿ ಹೊಟ್ಟೆ ಐದು ತಿಂಗಳಿನಷ್ಟಾಯಿತು. ಕುಡಿದ ನೀರು ಸಹ ನಿಲ್ಲದಂತೆ ವಾಂತಿ. ಕೇಶರಬಾಯಿ ಸೊಸೆಯನ್ನು ಚಾಪೆಯ ಮೇಲೆ ಮಲಗಿಸಿ, ಕೈ ಬೆಚ್ಚಗೆ ಮಾಡಿಕೊಂಡು, ಕಣ್ಣು ಮುಚ್ಚಿ ನೋಡಿದಳು. ಗರ್ಭ ಮೆತ್ತಗಿತ್ತು, ಹಿಟ್ಟಿನ ಮುದ್ದೆಯ ಹಾಗೆ. ಅದೊಂದು ಮಾತ್ರ ಆಕೆಗೆ ಹೊಸದೆನಿಸಿತು. ಆದರೆ ಹಿರಿಮೆಯ ಬುದ್ಧಿ ಮುಂದೆ ಓಡಿತು.

“ಜೋಡಿ ಅವ” ಎಂದಳು.

ಆ ಮಾತು ಸಂಜೆಯೊಳಗೆ ಓಣಿ ಸುತ್ತಿ ಬಂತು. ಪಕ್ಕದ ಮನೆಯ ವಜೀರಬೀ ಗೋಡೆಯ ಆಚೆಯಿಂದಲೇ ಕೂಗಿದಳು:

“ಯಾಕ ಕೇಶರಬಾಯಿ, ಜೋಡಿ ಅಂತಲ್ಲ! ಎರಡು ಟೋಪಿ ಹೆಣೀಲಿಕ್ಕೆ ನನ್ನ ಕಣ್ಣು ಎಲ್ಲವ? ಒಂದೇ ಹೆಣೀತೇನಿ, ಪಾಳಿ ಮ್ಯಾಲ ಹಾಕ್ಕೊಳ್ಳಲಿ!”

“ಕಂಜೂಸ ಇದ್ದಿ ಬಿಡು. ನಿನ್ನ ಮೊಮ್ಮಕ್ಕಳಿಗೆ ನಾ ಅರ್ಧ ಎಣ್ಣಿ ಹಚ್ಚಿ ಬಿಟ್ಟಿದ್ದೆನೇನು?”

ಆಶಾ ಕಾರ್ಯಕರ್ತೆ ಬಂದು, ಸ್ಕ್ಯಾನಿಂಗಿಗೆ ಸೋಮವಾರ ಕರೆದುಕೊಂಡು ಹೋಗುವುದಾಗಿ ಹೇಳಿದಳು. ‘ಹೋಗೋಣಂತ, ಅವಸರ ಏನದ’ ಎಂದಳು ಕೇಶರಬಾಯಿ. ಆ ಸೋಮವಾರ ಬರುವ ಮೊದಲೇ, ಒಂದು ಮಧ್ಯಾಹ್ನ, ಮಹಾಮಾಯಾ ಬಚ್ಚಲಿನ ಬಾಗಿಲು ಹಿಡಿದು ಕುಸಿದಳು. ಕೈಲಾಶ ಕಚೇರಿಯಲ್ಲಿದ್ದ. ಕೇಶರಬಾಯಿ ಮುಂಬಾಗಿಲು ಹಾಕಿಕೊಂಡು ತನಗೆ ಗೊತ್ತಿದ್ದ ಕೆಲಸವನ್ನೆಲ್ಲ ಮಾಡಿದಳು. ಸೊಸೆಗೆ ಎಚ್ಚರ ತಪ್ಪಿದಂತಿತ್ತು. ರಕ್ತದೊಡನೆ ಬಿದ್ದದ್ದನ್ನು ನೋಡಿದಾಗ ಮಾತ್ರ ಆಕೆಯ ಕೈ ಅಲ್ಲಿಯೇ ನಿಂತಿತು. ಕೂಸಿಲ್ಲ, ಕೂಸಿನ ತುಣುಕಿಲ್ಲ. ನೆನೆಸಿದ ಸಾಬೂದಾನಿಯಂಥ ನೀರುಗುಳ್ಳೆಗಳು, ಕೆಲವು ದ್ರಾಕ್ಷಿಯಷ್ಟು ದೊಡ್ಡವು, ಗೊಂಚಲು ಗೊಂಚಲಾಗಿ.

ಇಂಥದನ್ನು ಆಕೆ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ತಾಯಿಯ ಬಾಯಲ್ಲಿ ಒಮ್ಮೆ ಕೇಳಿದ್ದಳು. ಅಂಥದನ್ನು ಹೆತ್ತ ಹೆಂಗಸಿಗೆ ಊರವರು ಏನೇನೋ ಹೆಸರಿಟ್ಟು, ಕೊನೆಗೆ ಗಂಡನ ಮನೆಯವರು ಬಿಟ್ಟರೆಂಬ ಕಥೆ ಅದು. ಹೊರಗೆ ವಜೀರಬೀ ಬಾಗಿಲು ಬಡಿಯುತ್ತಿದ್ದಳು. ಕೇಶರಬಾಯಿಗೆ ಹೆಚ್ಚು ಯೋಚಿಸಲು ಸಮಯವಿರಲಿಲ್ಲ. ಹೆರಿಗೆಯಾದ ಮನೆಯಲ್ಲಿ ಕೂಸಿನ ಹಿಂದೆ ಬೀಳುವ ಮಾಸನ್ನು ಗಡಿಗೆಯಲ್ಲಿ ಹಾಕಿ, ಅರಿಸಿನ ಉಪ್ಪು ಸೇರಿಸಿ, ಬಾಯಿಗೆ ಬಟ್ಟೆ ಕಟ್ಟಿ ಹೂಳುವುದು ಆಕೆಯ ಕುಲದ ಪದ್ಧತಿ. ಆಸ್ಪತ್ರೆಯ ಕಾಲ ಬಂದ ಮೇಲೆ ಆ ಕೆಲಸ ನಿಂತೇ ಹೋಗಿತ್ತು. ಇಂದು ಕೈ ತಾನಾಗಿಯೇ ಹಾಗೆ ಮಾಡಿತು. ಬಚ್ಚಲಿನ ಹಿಂದೆ ಬಾಳೆಯ ಬುಡದಲ್ಲಿ ಮೊಳದಷ್ಟು ಆಳಕ್ಕೆ ಹೂಳಿ, ಮಣ್ಣು ತುಳಿದು, ಬಂದು ಬಾಗಿಲು ತೆಗೆದಳು.

“ಕೂಸು ಇಳದು ಹೋಯ್ತು” ಎಂದಳು.

ಊರಿನ ಡಾಕ್ಟರರು ರಕ್ತ ನಿಲ್ಲಿಸಿ, ಬಿದ್ದದ್ದನ್ನು ತಂದಿದ್ದೀರಾ ಎಂದು ಕೇಳಿದರು. “ಹೂಳಿದೇವ್ರಿ, ಸಾದಾನೇ ಇತ್ತು” ಎಂದಳು ಈಕೆ. ಹಳೆಯ ಸೂಲಗಿತ್ತಿಯ ಮಾತು, ಅವರು ಒಪ್ಪಿಕೊಂಡರು. ಸೊಸೆಯ ಮಾನ ಉಳಿಯಿತೆಂದು ಕೇಶರಬಾಯಿ ಅಂದು ನಿಜವಾಗಿಯೂ ಸಮಾಧಾನಪಟ್ಟಳು.

ಮಹಾಮಾಯಾ ಸುಧಾರಿಸಿಕೊಳ್ಳಲು ಭಾಲ್ಕಿಗೆ, ತಾಯಿ ಅನುಸೂಯಾಬಾಯಿಯ ಮನೆಗೆ ಹೋದಳು. ಅಲ್ಲಿಯೂ ಆಗಾಗ ರಕ್ತ ಕಾಣುತ್ತಿತ್ತು. ನಿಶ್ಶಕ್ತಿಯೆಂದು ಎಲ್ಲರೂ ಅಂದುಕೊಂಡರು. ನಾಲ್ಕೈದು ತಿಂಗಳ ಮೇಲೆ ಕೆಮ್ಮು ಹತ್ತಿತು. ಕ್ಷಯವಿರಬಹುದೆಂದು ಕಫ ತೋರಿಸಿದರೆ ಅದರಲ್ಲಿ ಏನೂ ಇಲ್ಲ. ಒಂದು ದಿನ ಕೆಮ್ಮಿದಾಗ ಸೆರಗಿಗೆ ರಕ್ತ ಹತ್ತಿದ್ದನ್ನು ಕಂಡು ಅನುಸೂಯಾಬಾಯಿ ಹೆದರಿ, ಅಳಿಯನಿಗೆ ಫೋನು ಮಾಡಿ, ಮಗಳನ್ನು ರೈಲಿನಲ್ಲಿ ಬೀದರಕ್ಕೆ ಕರೆತಂದಳು. ಕೇಶರಬಾಯಿಯೂ ಮಗನೊಡನೆ ಬಸ್ಸು ಹತ್ತಿದಳು.

ಬೀದರದ ಆಸ್ಪತ್ರೆಯಲ್ಲಿ ಎದೆಯ ಎಕ್ಸ್-ರೇ ನೋಡಿದವರು ಮಹಾಮಾಯಾಳನ್ನು ಹೆಂಗಸರ ವಿಭಾಗಕ್ಕೆ ಕಳಿಸಿದರು. ಅಲ್ಲಿ ಶಮೀಮ ಎಂಬ ಡಾಕ್ಟರಮ್ಮ ಇದ್ದರು. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಸಾವಕಾಶವಾಗಿ ಮಾತನಾಡುವವರು. ಮಹಾಮಾಯಾಳನ್ನು ತಾಯಿಯೊಡನೆ ವಾರ್ಡಿಗೆ ಕಳಿಸಿ, ರಕ್ತ ಪರೀಕ್ಷೆಯ ಫಲಿತಾಂಶವನ್ನು ಎರಡು ಸಲ ನೋಡಿದರು.

“ಆಕಿ ಈಗ ಬಸುರಿಲ್ಲ. ಆದ್ರೂ ಬಸುರಿದ್ದಾಗ ಏರೋ ಗರ್ಭದ ಅಂಶ ರಕ್ತದಾಗ ಸಾವಿರಗಟ್ಲೆ ಅದ. ಆಗ ಗರ್ಭ ಇಳೀತಲ್ಲ, ಏನೇನು ಬಿತ್ತು?”

“ಸಾದಾನೇ ಇತ್ರಿ ಮೇಡಂ” ಎಂದ ಕೈಲಾಶ. “ನಮ್ಮವ್ವನೇ ನೋಡ್ಯಾಳ. ಆಕಿ ಸೂಲಗಿತ್ತಿ ಇದ್ದಾಳ್ರಿ. ಆಕಿಗೆ ತಿಳೀಲಾರದ್ದು ಏನಿಲ್ಲ.”

ಮಗನ ಆ ಹೆಮ್ಮೆಯ ಮಾತು ಕೇಶರಬಾಯಿಯನ್ನು ಚುಚ್ಚಿತು. ಗೋಡೆಗೆ ಆತು ನಿಂತಿದ್ದವಳು ಸೆರಗನ್ನು ಬಾಯಿಗೆ ಹಿಡಿದಳು.

“ಕೂಸು ಇದ್ದಿಲ್ರಿ” ಎಂದಳು.

“ಏನಂದಿ, ಅವ್ವಾ?”

“ಕೂಸೇ ಇದ್ದಿಲ್ಲೋ ಕೈಲಾಶ. ಸಾಬೂದಾನಿ ಇದ್ದಾಂಗ ಗುಳ್ಳಿ ಇದ್ವು. ಹೂಳಿಬಿಟ್ಟೆ. ಯಾರಿಗೂ ಹೇಳಲಿಲ್ಲ.”

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಕೇಶರಬಾಯಿಗೆ ಹಗುರಾಗುತ್ತಿತ್ತೇನೋ. ಅದಕ್ಕೆ ದ್ರಾಕ್ಷಿ ಗರ್ಭವೆನ್ನುತ್ತಾರೆ, ಅದು ಯಾರ ಪಾಪವೂ ಅಲ್ಲ, ಶಾಪವೂ ಅಲ್ಲ, ಬೀಜ ಕೂಡುವಾಗಲೇ ಆಗುವ ತಪ್ಪು ಎಂದು ತಿಳಿಸಿದರು. ಅಂಥದ್ದು ಬಿದ್ದ ಮೇಲೆ ವಾರವಾರವೂ ರಕ್ತ ನೋಡುತ್ತ, ಗರ್ಭದ ಅಂಶ ಪೂರ್ತಿ ಇಳಿಯುವವರೆಗೆ ಕಾಯಬೇಕು. ಕೆಲವರಲ್ಲಿ ಅದು ಒಳಗೇ ಉಳಿದು, ಕ್ಯಾನ್ಸರಾಗಿ ಬೆಳೆದು, ರಕ್ತದೊಡನೆ ಎದೆಗೆ ಹೋಗಿ ಕೂಡುತ್ತದೆ. ಮಹಾಮಾಯಾಳ ಕೆಮ್ಮು ಅದರದೇ.

“ಔಷಧಕ್ಕ ಬಗ್ಗೋ ಜಡ್ಡು ಇದು. ಬಹಳ ಮಂದಿ ಆರಾಮ ಆಗ್ಯಾರ. ಆದ್ರ ತಡ ಆಗ್ಯದ” ಎಂದರು.

“ಆ ಗಡಿಗಿ ಅಗದು ತಂದ್ರ ನಡೀತದೇನ್ರಿ?”

“ಏನೂ ಉಳದಿರೂದಿಲ್ಲ, ಅಮ್ಮಾ. ಮಣ್ಣಾಗಿರ್ತದ.”

ಹೇಳಿದ ಮಾತು ಕಿವಿಗೆ ಬಿದ್ದರೂ ಮನಸ್ಸು ಕೇಳಬೇಕಲ್ಲ. ಬಟ್ಟೆ ತರಲು ಔರಾದಕ್ಕೆ ಹೋದವಳು ಮೊದಲು ಮಾಡಿದ ಕೆಲಸ ಬಾಳೆಯ ಬುಡ ಅಗೆದದ್ದು. ಒಡೆದ ಗಡಿಗೆಯ ಚೂರುಗಳು ಬಂದವು, ಕರಿ ಮಣ್ಣು ಬಂತು, ಬಾಳೆಯ ಬೇರು ಬಂತು. ವಜೀರಬೀ ಗೋಡೆಯ ಮೇಲಿಂದ ಇಣುಕಿ, “ಏನ ಹುಡುಕ್ತಿ ಬಿಸಲಾಗ?” ಎಂದು ಕೇಳಿದಳು. ಕೇಶರಬಾಯಿ ಚೂರುಗಳನ್ನು ಮತ್ತೆ ಕುಣಿಯೊಳಗೆ ಹಾಕಿ ಮಣ್ಣೆಳೆದಳು. ಕೈಗೆ ಹತ್ತಿದ ಮಣ್ಣನ್ನು ತೊಳೆಯದೆಯೇ ಬಟ್ಟೆ ಕಟ್ಟಿಕೊಳ್ಳಲು ಒಳಗೆ ಹೋದಳು.

ಬೀದರದಲ್ಲಿ ಚುಚ್ಚುಮದ್ದು ಆರಂಭವಾಯಿತು. ಮೊದಮೊದಲು ರಕ್ತದಲ್ಲಿನ ಅಂಶ ಇಳಿಯಿತು. ನವೊಮಿ ಎಂಬ ನರ್ಸಮ್ಮ ಪ್ರತಿ ಸಲವೂ ಬಾಗಿಲಿಗೆ ಬಂದು, “ಇಳದದರಿ, ಇಳದದ!” ಎಂದು ಹೇಳಿ ಹೋಗುವಳು. ಮಹಾಮಾಯಾಳ ಬಾಯೆಲ್ಲ ಹುಣ್ಣಾಗಿ ಅನ್ನ ಇಳಿಯದು. ಕಾಲು ನೋಯುತ್ತವೆಂದು ನರಳಿದಾಗ ಕೇಶರಬಾಯಿ ಎಣ್ಣೆಯ ಬಾಟಲಿ ಹೊರತೆಗೆದಳು.

“ತಿಕ್ಕಬ್ಯಾಡ್ರಿ, ಅಮ್ಮಾ” ಎಂದು ನವೊಮಿ ತಡೆದಳು. “ಔಷಧದಿಂದ ರಕ್ತ ತೆಳ್ಳಗ ಆಗ್ಯದ. ಒತ್ತಿದಲ್ಲಿ ನೀಲಿಗಟ್ಟತದ.”

ಊರ ಬಾಣಂತಿಯರ ಮೈಯನ್ನೆಲ್ಲ ನೀವಿದ ಕೈ. ಆಕೆ ಬಾಟಲಿಗೆ ಮುಚ್ಚಳ ಹಾಕಿ ಆ ಕೈಯನ್ನು ಮಡಿಲಲ್ಲಿಟ್ಟುಕೊಂಡಳು.

ಒಂದು ದಿನ ಮಹಾಮಾಯಾ ಕಣ್ಣು ಮುಚ್ಚಿ ಮಲಗಿದ್ದಾಗ ಡಾಕ್ಟರಮ್ಮ ತಾವೇ ಬಂದು ಕೇಶರಬಾಯಿಯ ಪಕ್ಕದ ಸ್ಟೂಲಿನ ಮೇಲೆ ಕುಳಿತರು. ಈ ಭಾಗದ ಹಳ್ಳಿಗಳಲ್ಲಿ ಇಂಥ ಗರ್ಭಗಳ ವಿಷಯವಾಗಿ ಅವರು ಕೆಲವು ವರ್ಷಗಳಿಂದ ಸಂಶೋಧನೆ ನಡೆಸಿದ್ದರು. ಮಹಾಮಾಯಾಳ ಪ್ರಕರಣವನ್ನೂ ಹೆಸರು ಹಾಕದೆ ಬರೆಯುವುದಾಗಿಯೂ, ಆಕೆ ಒಪ್ಪಿದ್ದಾಳೆಂದೂ ಹೇಳಿ, ಅಂದು ಕಂಡದ್ದನ್ನು ವಿವರಿಸಲು ಕೇಳಿದರು.

ಕೇಶರಬಾಯಿ ಎಲ್ಲವನ್ನೂ ಹೇಳಿದಳು. ಗುಳ್ಳೆಯ ಬಣ್ಣ, ಗಾತ್ರ, ಗರ್ಭದ ಮೆತ್ತಗಿನ ಗುಣ, ಯಾವುದನ್ನೂ ಬಚ್ಚಿಡಲಿಲ್ಲ. ಹೇಳಿ ಮುಗಿಸಿ ಕೇಳಿದಳು:

“ನೀವು ಇದನ್ನ ಬರದ್ರ ನನ್ನ ಸೊಸಿ ಆರಾಮ ಆಗ್ತಾಳೇನ್ರಿ?”

“ಇಲ್ಲ ಅಮ್ಮಾ. ಮುಂದ ಇನ್ಯಾರಿಗೋ ಉಪಯೋಗ ಆಗಬಹುದು.”

“ಬರೀರಿ ಹಂಗಾದ್ರ” ಎಂದು ಬೇರೆ ಕಡೆ ನೋಡಿದಳು.

ಆ ಮಧ್ಯಾಹ್ನ ವಾರ್ಡಿನಲ್ಲಿ ಇಬ್ಬರೇ ಇದ್ದಾಗ ಮಹಾಮಾಯಾ ಕಣ್ಣು ತೆರೆದು ಅತ್ತೆಯನ್ನು ಕರೆದಳು. ಕೈಲಾಶ ಆಕೆಗೆ ರೋಗದ ಹೆಸರನ್ನಷ್ಟೇ ಹೇಳಿದ್ದ. ಉಳಿದುದನ್ನು ಹೇಳಲು ಆತನಿಗೆ ಬಾಯಿ ಬಂದಿರಲಿಲ್ಲ.

“ಅತ್ತಿ, ಡಾಕ್ಟರ ಜೋಡಿ ಮಾತಾಡಿದ್ದು ಕೇಳಿದೆ. ಕೂಸು ಇದ್ದೇ ಇದ್ದಿಲ್ಲೇನು?”

“ಇದ್ದಿಲ್ಲವ್ವಾ.”

“ಒಂದೂ ಇದ್ದಿಲ್ಲಾ?”

“ಒಂದೂ ಇದ್ದಿಲ್ಲ.”

“ನಾ ಭಾಲ್ಕ್ಯಾಗ ದಿನಾ ಅಳತಿದ್ದೆ. ಎರಡಕ್ಕೂ ಹೆಸರು ಇಟ್ಟಿದ್ದೆ. ಯಾರ ಸಲುವಾಗಿ ಅಳತಿದ್ದೆ ನಾನು?”

“ನಿನಗ ಮಂದಿ ಏನರೆ ಅಂದಾರು ಅಂತ ಹೆದರಿದೆ, ಮಗಳಾ. ನಿನ್ನ ಸಲುವಾಗಿ…”

“ನನಗೊಬ್ಬಾಕಿಗರೆ ಹೇಳಬೇಕಾಗಿತ್ತು.”

ಧ್ವನಿ ಏರಿಸಿ ಅಂದದ್ದಲ್ಲ. ಹುಣ್ಣಾದ ಬಾಯಿಂದ ನಿಧಾನವಾಗಿ, ಸ್ಪಷ್ಟವಾಗಿ ಅಂದಳು. ಆಮೇಲೆ ಗೋಡೆಯ ಕಡೆ ಹೊರಳಿದಳು. ಕೇಶರಬಾಯಿ ಆ ಬೆನ್ನನ್ನು ಮುಟ್ಟಲು ಕೈ ಚಾಚಿದಳು. ಒತ್ತಿದಲ್ಲಿ ನೀಲಿಗಟ್ಟುತ್ತದೆಂಬ ಮಾತು ನೆನಪಾಗಿ ಹಿಂದೆಗೆದುಕೊಂಡಳು.

ಮರುವಾರ ನವೊಮಿ ಬಾಗಿಲಿಗೆ ಬಂದು ಏನೂ ಹೇಳದೆ ಹೋದಳು. ಅಂಶ ಮತ್ತೆ ಏರಿತ್ತು. ಒಂದೇ ಔಷಧಕ್ಕೆ ಬಗ್ಗದಾಗ ನಾಲ್ಕೈದನ್ನು ಕೂಡಿಸಿ ಕೊಡಬೇಕಾಗುತ್ತದೆ, ಅದು ಹೈದರಾಬಾದದಲ್ಲಿ ಆಗುತ್ತದೆ, ಇನ್ನೂ ದಾರಿ ಇದೆ ಎಂದರು ಡಾಕ್ಟರಮ್ಮ. ಅಲ್ಲಿ ರೋಗಿಯ ಬಳಿ ಹೆಂಗಸರಲ್ಲಿ ಒಬ್ಬರೇ ಇರಬಹುದಾಗಿತ್ತು.

“ನಾನೇ ಹೋಗ್ತೇನಿ” ಎಂದಳು ಕೇಶರಬಾಯಿ. “ರೋಗಿ ನೋಡೂದು ನನಗ ರೂಢಿ ಅದ.”

ಕೈಲಾಶ ತಲೆ ತಗ್ಗಿಸಿದ. “ಆಕಿ ತಮ್ಮವ್ವನೇ ಬರಲಿ ಅಂದಾಳವ್ವಾ” ಎಂದ.

ಮರುದಿನ ಬೆಳಗ್ಗೆ ಆಂಬುಲೆನ್ಸು ಬಂತು. ಮಹಾಮಾಯಾಳನ್ನು ಮಲಗಿಸಿದರು; ತಲೆಗೆ ಕಟ್ಟಿದ ಓಢಣಿ ಜಾರಿತ್ತು, ಅದನ್ನು ಆಕೆಯ ತಾಯಿ ಸರಿ ಮಾಡಿದಳು. ಜೀವಮಾನವೆಲ್ಲ ಗಂಡಸರನ್ನು ಹೊರಗೆ ನಿಲ್ಲಿಸಿ ತಾನು ಒಳಗೆ ಹೋದವಳು ಕೇಶರಬಾಯಿ. ಇಂದು ಹೊರಗೆ ನಿಂತು, ಒಳಗೆ ಏನಾಗುತ್ತಿದೆಯೆಂದು ಕತ್ತು ಚಾಚಿ ನೋಡುತ್ತಿದ್ದಳು. ಅನುಸೂಯಾಬಾಯಿ ಬಾಗಿಲಲ್ಲಿ ಬಗ್ಗಿ, “ಅಕ್ಕಾ, ಮುಟ್ಟಿದ ಮ್ಯಾಲ ಫೋನ ಮಾಡ್ತೇನಿ” ಎಂದಳು.

“ಮಹಾಮಾಯಾ, ಬರ್ತೀಯಲ್ಲವ್ವಾ?” ಎಂದು ಕೂಗಿದಳು ಕೇಶರಬಾಯಿ.

ಒಳಗಿನಿಂದ ಕೆಮ್ಮು ಕೇಳಿಸಿತು. ಅದು ನಿಲ್ಲಲೆಂದು, ನಿಂತ ಮೇಲೆ ಏನಾದರೂ ಅನ್ನಲೆಂದು ಆಕೆ ಕಾದಳು. ಚಾಲಕನು ಬಂದು, “ಸರೀರಿ ಅಮ್ಮಾ” ಎಂದು ಬಾಗಿಲು ಹಾಕಿದ.