ನಮ್ಮ ತಂಡ ಕೆಳಗಿಳಿದ ವರ್ಷ

ನಾನು ಹೊಂಡುರಾಸ್ ದೇಶದ ಫುಟ್‌ಬಾಲ್ ಲೀಗು ನೋಡುತ್ತೇನೆ. ಹೇಳಿಬಿಟ್ಟೆ. ಬೇ ಏರಿಯಾದ ಕನ್ನಡಿಗರೆದುರು ಇದನ್ನು ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ನನ್ನ ಗಂಡನ ಮುಖ ನೋಡುತ್ತಾರೆ, ಮನೆಯಲ್ಲಿ ಎಲ್ಲ ಸರಿಯಿದೆ ತಾನೇ ಅನ್ನುವ ಹಾಗೆ. ಕ್ರಿಕೆಟ್ ನೋಡಿದರೆ ಅಭಿಮಾನವಂತೆ, ಇಂಗ್ಲೆಂಡಿನ ಫುಟ್‌ಬಾಲ್ ನೋಡಿದರೆ ಅಭಿರುಚಿಯಂತೆ, ಹೊಂಡುರಾಸಿನದು ನೋಡಿದರೆ ಮಾತ್ರ ವಯಸ್ಸಿನ ತೊಂದರೆಯಂತೆ. ಅಂದುಕೊಳ್ಳಲಿ ಬಿಡಿ. ಐವತ್ತಾರು ವರ್ಷ ಬೇರೆಯವರು ಹಾಕಿದ ಚಾನೆಲ್ಲನ್ನೇ ನೋಡಿದ್ದೇನೆ, ಸಾಕು.

ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಡೋರಿಸ್ ಅಂತ ಒಬ್ಬಳಿದ್ದಾಳೆ. ಹೊಂಡುರಾಸಿನವಳು, ನೋವಾಗದ ಹಾಗೆ ರಕ್ತ ತೆಗೆಯುವುದರಲ್ಲಿ ಎತ್ತಿದ ಕೈ. ಹೋದ ವರ್ಷ ಒಂದು ಭಾನುವಾರ ಅವಳ ಕಾರು ಕೆಟ್ಟು, ಡ್ಯೂಟಿ ಮುಗಿದ ಮೇಲೆ ನಾನೇ ಮನೆಗೆ ಡ್ರಾಪ್ ಕೊಟ್ಟೆ. ನಮ್ಮ ಮನೆಯಿರುವ ಎವರ್‌ಗ್ರೀನ್ ಗುಡ್ಡ ಇಳಿದು ಹತ್ತು ನಿಮಿಷಕ್ಕೆ ಅವಳ ಅಪಾರ್ಟ್‌ಮೆಂಟು. ಕಾಫಿ ಕುಡಿದೇ ಹೋಗಬೇಕು ಅಂದಳು. ಒಳಗೆ ಅವಳ ಗಂಡ, ತಾಯಿ, ಮಗಳು ಸೋಫಾದ ತುದಿಗೆ ಕೂತು ಟೀವಿಯನ್ನು ಬೈಯುತ್ತಿದ್ದರು. ಅವರೂರಿನ ತಂಡ ಮೂರು ಗೋಲು ಹಿಂದಿತ್ತು, ನಾನು ಕೂರುವಷ್ಟರಲ್ಲಿ ನಾಲ್ಕನೆಯದೂ ಬಿತ್ತು. ಡೋರಿಸಳ ತಾಯಿ, ಅಂದರೆ ನಮ್ಮೆಲ್ಲರ ಅಜ್ಜಿ, ಎದ್ದು ನಿಂತು ಚಪ್ಪಾಳೆ ತಟ್ಟಿದರು, ಗೋಲು ಹೊಡೆದವರಿಗಲ್ಲ, ತಿಂದವರಿಗೆ. ಸೋಲುವವರಿಗೆ ಹಾಗೆ ಚಪ್ಪಾಳೆ ತಟ್ಟಿದ್ದನ್ನು ನಾನು ನೋಡಿಯೇ ಇರಲಿಲ್ಲ. ಅವತ್ತಿನಿಂದ ನನ್ನ ಭಾನುವಾರಗಳು ಆ ಸೋಫಾಕ್ಕೆ ಸೇರಿದವು.

ಆ ಊರು ಬಾಳೆತೋಟಗಳ ನಡುವೆ, ಹೊಳೆ ದಂಡೆಯ ಮೇಲಿದೆ. "ನಮ್ಮೂರ ಹೆಸರು ಟೀವಿಲಿ ಬರೋದು ತಂಡ ಆಡುವಾಗ, ಇಲ್ಲಾ ಹೊಳೆ ಉಕ್ಕಿದಾಗ," ಅಂದಿದ್ದಳು ಡೋರಿಸ್. "ತಂಡ ಕೆಳಗಿನ ದರ್ಜೆಗೆ ಬಿದ್ದುಹೋದ್ರೆ ಹೊಳೆ ಒಂದೇ ಉಳಿಯೋದು." ತಂಡವೋ, ವರ್ಷವಿಡೀ ಬೀಳುವ ಅಂಚಿನಲ್ಲೇ ಓಡಾಡುತ್ತಿತ್ತು. ನನಗೆ ನಿದ್ದೆಗೆಡುವಷ್ಟು ಚಿಂತೆಯಾಯಿತು ಅಂದರೆ ನೀವು ನಂಬಬೇಕು.

ಡಿಸೆಂಬರಿನಲ್ಲಿ ಪಾಯಿಂಟ್ಸ್ ಪಟ್ಟಿ ನೋಡಿದೆ. ನಮ್ಮದು ಕೊನೆಯಿಂದ ಎರಡನೆಯದು! ಬೀಳುವುದು ಒಂದೇ ತಂಡ. ಉಳಿದುಕೊಂಡೆವು ಅಂತ ದ್ರಾಕ್ಷಿ ಗೋಡಂಬಿ ಸುರಿದು ಕೇಸರಿಬಾತ್ ಮಾಡಿ ಡಬ್ಬಿ ತುಂಬಿಕೊಂಡು ಓಡಿದೆ. ಅವರು ಚಮಚ ಬಾಯಿಗಿಟ್ಟುಕೊಂಡು ನನ್ನನ್ನೇ ನೋಡಿದರು. ಅಲ್ಲಿ ವರ್ಷಕ್ಕೆ ಇಬ್ಬರು ಚಾಂಪಿಯನ್ನರು, ಕ್ರಿಸ್‌ಮಸ್ಸಿಗೆ ಮುಂಚೆ ಒಬ್ಬರು, ಬೇಸಿಗೆಗೆ ಮುಂಚೆ ಇನ್ನೊಬ್ಬರು. ಆದರೆ ಕೆಳಗಿಳಿಯುವವರನ್ನು ಆರಿಸುವಾಗ ವರ್ಷದ ಎರಡೂ ಅರ್ಧಗಳ ಪಾಯಿಂಟ್ಸ್ ಕೂಡಿಸುತ್ತಾರಂತೆ, ಇನ್ನೂ ಅರ್ಧ ಬಾಕಿಯಿತ್ತು. ನನಗೇನು ಗೊತ್ತು? ಮೈಸೂರಿನಲ್ಲಿ ನಾವು ಓದುವಾಗ ಅರ್ಧವಾರ್ಷಿಕ ಪರೀಕ್ಷೆಯ ಮಾರ್ಕ್ಸನ್ನು ಯಾರು ಕೇಳುತ್ತಿದ್ದರು? ಆ ಪರೀಕ್ಷೆಯಲ್ಲಿ ಗಣಿತಕ್ಕೆ ಹನ್ನೊಂದು ತೆಗೆದೂ ಮಾರ್ಚಿನಲ್ಲಿ ಪಾಸಾದ ಪುಣ್ಯಾತ್ಗಿತ್ತಿ ನಾನು. ಹೊಂಡುರಾಸಿನವರು ಏನನ್ನೂ ಮರೆಯುವುದಿಲ್ಲ. ಕೇಸರಿಬಾತ್ ಮಾತ್ರ ಖಾಲಿಯಾಯಿತು.

ಎರಡನೇ ಅರ್ಧದ ಕೊನೆಯ ಮ್ಯಾಚು ಬಂದ ಭಾನುವಾರವೇ ಕ್ಯುಪರ್ಟಿನೋದಲ್ಲಿ ಗೆಳತಿ ಶಶಿಯ ಮನೆ ಗೃಹಪ್ರವೇಶ. ಡ್ರಾ ಮಾಡಿಕೊಂಡರೂ ಸಾಕು, ನಾವು ಉಳಿಯುತ್ತಿದ್ದೆವು. ಬೆಳಗ್ಗೆ ಹೋಗಿ ಹಾಲುಕ್ಕಿಸುವಾಗ ನಿಂತೆ, ಆರತಿ ಎತ್ತಿದೆ, ಮೊದಲ ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ಸೆರಗು ಸಿಕ್ಕಿಸಿಕೊಂಡು ಹೊರಟೆ. ಗೃಹಪ್ರವೇಶದ ಮನೆಯಿಂದ ಊಟ ಮಾಡದೆ ಏಳುವುದು ಅಂದರೆ ಏನು ಅಂತ ನಿಮಗೆ ಹೇಳಬೇಕಿಲ್ಲ. "ಎಲೆ ಹಾಕಿದ ಮೇಲೆ ಹೋಗ್ತಿದೀಯಲ್ಲೇ, ಯಾರಾದ್ರೂ ಹೋಗಿಬಿಟ್ರಾ?" ಅಂತ ಶಶಿ ಗಾಬರಿಯಾದಳು. ಮ್ಯಾಚು ಅಂದೆ. ಅವಳು ಹತ್ತು ಒಬ್ಬಟ್ಟನ್ನು ಫಾಯಿಲಿನಲ್ಲಿ ಸುತ್ತಿ ನನ್ನ ಕೈಗೆ ತುರುಕಿ, ಬಾಗಿಲವರೆಗೂ ಬರದೆ ಒಳಗೆ ಹೋದಳು. ನನ್ನ ಗಂಡ ಮಾತ್ರ ಪಂಕ್ತಿಯಲ್ಲಿ ತಲೆ ತಗ್ಗಿಸಿ ಕೋಸಂಬರಿ ತಿನ್ನುತ್ತಿದ್ದ.

ಡೋರಿಸಳ ಸೋಫಾದಲ್ಲಿ ಹೋಗಿ ಕೂತೆ, ಆಟದ ಹತ್ತನೇ ನಿಮಿಷಕ್ಕೇ ನಮ್ಮದೊಂದು ಗೋಲು! ಯಾರೂ ಕೂತ ಜಾಗ ಬಿಟ್ಟು ಏಳಕೂಡದು ಅಂತ ಅಪ್ಪಣೆ ಮಾಡಿದೆ. ಕ್ರಿಕೆಟ್ ನೋಡಿ ಬೆಳೆದವರಿಗೆಲ್ಲ ಈ ನೇಮ ಗೊತ್ತು, ಎದ್ದರೆ ವಿಕೆಟ್ ಬೀಳುತ್ತದೆ. ಅಜ್ಜಿಗೆ ತಕ್ಷಣ ಅರ್ಥವಾಗಿ, ಬಾತ್‌ರೂಮಿಗೆ ಹೊರಟ ಅಳಿಯನ ಅಂಗಿ ಹಿಡಿದು ಕೂರಿಸಿದರು. ಅರ್ಧ ಆಟದ ಹೊತ್ತಿಗೆ ಅವರದೂ ಒಂದಾಗಿ ಸಮವಾಯಿತು. ಆಟ ಮುಗಿಯಲು ನಾಲ್ಕು ನಿಮಿಷ ಇರುವಾಗ ಎದುರಾಳಿಯ ಇನ್ನೊಂದು ಗೋಲು. ಅಷ್ಟೇ, ಮುಗಿಯಿತು. ಹಾಗಂತ ಯಾರೂ ಎದ್ದಿರಲಿಲ್ಲ.

ಡೋರಿಸ್ ಅಳಲಿಲ್ಲ. ಮೈಮೇಲಿದ್ದ ತಂಡದ ಜೆರ್ಸಿಯನ್ನು ತೆಗೆದು, ಮಡಿಸಿ, ಕಪಾಟಿನ ಕೆಳಗಿನ ಅರೆಯಲ್ಲಿ ಇಟ್ಟು ಬಂದಳು. ಆ ಮಡಿಸುವಿಕೆ ನೋಡಿ ನನಗೆ ಎಲ್ಲಿತ್ತೋ ಸಿಟ್ಟು! "ಅದನ್ನ ಯಾಕೆ ಒಳಗಿಟ್ಟೆ? ಕೆಳಗಿನ ದರ್ಜೇಲಿ ಆಡೋರೇನು ಬರಿಮೈಯಲ್ಲಿ ಆಡ್ತಾರಾ?" ಅಂತ ಗದರಿದೆ. ಅವಳ ಮಗಳು ಬಾಯಿ ಬಿಟ್ಟು ನೋಡಿದಳು. ಆರಿದ ಒಬ್ಬಟ್ಟನ್ನು ಎಲ್ಲರಿಗೂ ಎರಡೆರಡು ಹಂಚಿದೆ. ಅಜ್ಜಿ ಒಂದು ಜಾಸ್ತಿ ಕೇಳಿದರು, ನನ್ನ ಪಾಲಿನದು ಕೊಟ್ಟೆ.

ಎರಡನೇ ದರ್ಜೆಯ ನಮ್ಮ ಆಟಗಳು ಟೀವಿಯಲ್ಲಿ ಬರುವುದಿಲ್ಲ. ಊರಲ್ಲೇ ಇರುವ ಡೋರಿಸಳ ತಂಗಿ ವಿಡಿಯೋ ಕಾಲ್ ಮಾಡಿ ಮೈದಾನದ ಬೇಲಿಯ ಹತ್ತಿರ ನಿಂತು ಫೋನು ಹಿಡಿಯುತ್ತಾಳೆ. ನಮಗೆ ಕಾಣುವುದು ಮುಕ್ಕಾಲು ಪಾಲು ಅವಳ ಹೆಬ್ಬೆರಳು, ಮಿಕ್ಕಿದ್ದು ಆಕಾಶ. ಗೋಲಾದದ್ದು ಕಿರುಚಾಟದಿಂದ ತಿಳಿಯುತ್ತದೆ, ಯಾರ ಗೋಲು ಅನ್ನುವುದು ಸ್ವಲ್ಪ ಹೊತ್ತಿನ ಮೇಲೆ. ಹಾಗಿದ್ದರೂ ಒಂದು ವಾರವೂ ತಪ್ಪಿಸಿಲ್ಲ.

ಶಶಿ ಮುನಿಸು ಬಿಟ್ಟು ಮೊನ್ನೆ ಫೋನ್ ಮಾಡಿದ್ದಳು. "ನಿನ್ನ ತಂಡ ಮುಳುಗಿಹೋಯ್ತಲ್ಲ, ಇನ್ನಾದ್ರೂ ಭಾನುವಾರ ಬಿಡುವು ತಾನೇ? ಅಷ್ಟೊಂದು ಹುಚ್ಚಿದ್ರೆ ಯಾವುದಾದ್ರೂ ದೊಡ್ಡ ತಂಡ ಹಿಡ್ಕೊಳ್ಳೇ!"

"ದೊಡ್ಡ ತಂಡಕ್ಕೆ ನಾನು ಬಿಟ್ಟುಹೋದ್ರೆ ಗೊತ್ತೂ ಆಗಲ್ಲ ಕಣೆ," ಅಂದೆ. "ಇಲ್ಲಿ ನಾನು ಐದು ನಿಮಿಷ ತಡ ಮಾಡಿದ್ರೆ ಅಜ್ಜಿ ಬಾಗಿಲಲ್ಲಿ ನಿಂತಿರ್ತಾರೆ."