ಸೋರಿಕೆ ಮೇಷ್ಟ್ರು

ನಮ್ಮ ಕಾರ್ಖಾನೆಯಲ್ಲಿ ಅವರ ನಿಜವಾದ ಹೆಸರು ಯಾರಿಗೂ ನೆನಪಿಲ್ಲ. ಎಲ್ಲರಿಗೂ ಅವರು ಸೋರಿಕೆ ಮೇಷ್ಟ್ರು. ಫ್ರಿಜ್ಜಿನ ಕೊಳವೆಯಿರಲಿ, ಔಷಧ ಒಣಗಿಸುವ ಉಕ್ಕಿನ ಪೆಟ್ಟಿಗೆಯಿರಲಿ, ಮೊದಲು ಪಂಪು ಹಚ್ಚಿ ಒಳಗಿನ ಗಾಳಿಯನ್ನೆಲ್ಲ ಎಳೆದುಬಿಡುತ್ತಾರೆ. ಆಮೇಲೆ ಹೊರಗಿನಿಂದ ಬೆಸುಗೆಗಳ ಮೇಲೆ ಹೀಲಿಯಂ ಊದುತ್ತ, ನಿದ್ದೆಯಲ್ಲಿ ನಡೆಯುವವರಂತೆ ಮೆಲ್ಲಗೆ ಸುತ್ತು ಹಾಕುತ್ತಾರೆ. ಕೂದಲಿಗಿಂತ ಸಣ್ಣ ತೂತಿದ್ದರೂ ಆ ಹಗುರ ಅನಿಲ ಒಳಕ್ಕೆ ನುಸುಳುತ್ತದೆ. ಪಂಪಿನ ಪಕ್ಕದ ಯಂತ್ರ ಅದನ್ನು ಗುರುತಿಸಿ ಕುಂಯ್‌ಗುಡುತ್ತದೆ. "ಮೇಲಿಂದ ಶುರು ಮಾಡ್ರಪ್ಪ. ಹೀಲಿಯಂ ಮೇಲಕ್ಕೇ ಹೋಗೋದು. ಕೆಳಗೆ ಊದಿದ್ರೆ ಮೇಲಿನ ತೂತಲ್ಲಿ ಹೊಕ್ಕುಬಿಡತ್ತೆ, ಬೈಗುಳ ಮಾತ್ರ ಕೆಳಗಿನ ಬೆಸುಗೆಗೆ" ಎನ್ನುವುದು ಅವರ ನಿತ್ಯಪಾಠ. ಮನೆಯಲ್ಲಿ ಸಕ್ಕರೆ ಖಾಲಿಯಾದರೂ ವಿಚಾರಣೆ ಮೇಲಿಂದಲೇ, ಅಂದರೆ ಎಲ್ಲರಿಗಿಂತ ಹಿರಿಯರಾದ ಅತ್ತೆಯಿಂದಲೇ ಶುರು. ನೆಂಟರ ಮನೆಗೆ ಹೋದರೆ ಕೂರುವ ಮುಂಚೆ ಕಿಟಕಿಯ ಸಂದಿಯಲ್ಲಿ ಬೆರಳಾಡಿಸಿ, "ಇಲ್ಲಿ ಸೋರ್ತಿದೆ" ಎಂದು ನಿಟ್ಟುಸಿರು ಬಿಡುತ್ತಾರೆ. ಇಂಥವರ ಅಡುಗೆಮನೆಯ ಬಾಗಿಲು ಮಾತ್ರ ಎಷ್ಟು ಎಳೆದರೂ ಬೆರಳಷ್ಟು ಸಂದಿ ಬಿಡುತ್ತದೆ. "ಊರಿಗೆಲ್ಲ ಬುದ್ಧಿ ಹೇಳ್ತೀರಿ, ಇದೊಂದು ಸರಿ ಮಾಡಬಾರದಾ?" ಎಂದು ಹೆಂಡತಿ ಕೇಳಿದಾಗಲೆಲ್ಲ, "ನಾಳೆ ನೋಡೋಣ" ಎನ್ನುತ್ತಾರೆ. ತನ್ನ ತಂಗಿ ತೀರಿಕೊಂಡ ಮೇಲೆ ಆಕೆ ಯಾರೆದುರಿಗೂ ಹಾಡಿಲ್ಲ; ಆ ಬಾಗಿಲು ಎಳೆದುಕೊಂಡಾಗ ಮಾತ್ರ ಸಣ್ಣಗೆ ಗುನುಗುತ್ತಾಳೆ. ಮೇಷ್ಟ್ರು ಹೊರಗೆ, ಆ ಸಂದಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಕಣ್ಣು ಮುಚ್ಚಿ ಕೂತಿರುತ್ತಾರೆ.