ಗಟ್ಟಿ ಹಲ್ಲಿನ ಮೇಲೆ ಹಗೆ

ಯಲ್ಲಾಪುರದ ದಂತವೈದ್ಯರು ಬೇಡವೆಂದರೂ ಜಗಳವಾಡಿ ನಾನು ಒಂದು ದವಡೆಹಲ್ಲು ಕೀಳಿಸಿಕೊಂಡೆ. "ಗಟ್ಟಿ ಇದೆ ಮಾರಾಯ್ರೇ, ಹುಳುಕಿಲ್ಲ" ಎಂದು ಅವರು ಎಕ್ಸ್‌ರೇ ಎತ್ತಿ ತೋರಿಸಿದ್ದರು. "ನೋವು ನಿಮಗೋ ನನಗೋ?" ಎಂದಿದ್ದೆ. ಹಲ್ಲು ಹೋಯಿತು. ಎಡಗಿವಿಯ ಬುಡದಿಂದ ಕೆನ್ನೆಯುದ್ದಕ್ಕೂ ನೋವು ಮಾತ್ರ ಇದ್ದಲ್ಲೇ ಇತ್ತು. ಹಾಗಾದರೆ ಅಪರಾಧಿ ಪಕ್ಕದ ಹಲ್ಲು ಎಂದು ತೀರ್ಮಾನಿಸಿದೆ. ನನ್ನಲ್ಲಿ ಮೊದಲು ಶಿಕ್ಷೆ, ಆಮೇಲೆ ವಿಚಾರಣೆ.

ಹಲ್ಲಲ್ಲದಿದ್ದರೆ ಕ್ಯಾನ್ಸರ್ ಎಂಬುದು ಇನ್ನೊಂದು ತೀರ್ಮಾನ. ಬೆಳಿಗ್ಗೆ ಎದ್ದರೆ ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ. ಕನ್ನಡಿಯ ಮುಂದೆ ನಿಂತು ಮೂರು ಬೆರಳು ತೂರಿಸಿ ಅಳೆದರೆ ಎರಡೇ ಹಿಡಿಯುತ್ತಿದ್ದವು. ಹೆಂಡತಿ ನೋಡಿ, "ಮುಷ್ಟಿಯನ್ನೇ ಹಾಕಿ ನೋಡಿ, ಮಾತಾದ್ರೂ ಕಡಿಮೆ ಆಗ್ತು" ಎಂದಳು.

ಎರಡನೆಯ ಹಲ್ಲು ಮುಟ್ಟಲು ಯಲ್ಲಾಪುರದ ವೈದ್ಯರು ಸುತಾರಾಂ ಒಪ್ಪದ್ದರಿಂದ ನಾನೂ ಹೆಂಡತಿಯೂ ಶಿರಸಿಗೆ ಹೋದೆವು. ಅಲ್ಲಿಯ ಡಾಕ್ಟರಮ್ಮ ಹಾವೇರಿ ಕಡೆಯವರು, ನನ್ನ ಮಗಳ ವಯಸ್ಸು.

"ಕೂಡ್ರಿ. ಏನಾಗೇತ್ರಿ?"

"ಈ ಹಲ್ಲು ಕೀಳಬೇಕು."

"ಏನಾಗೇತಿ ಅಂತ ಕೇಳಿದೆ. ಏನ್ ಮಾಡಬೇಕು ಅಂತ ಅಲ್ಲ."

ಹಲ್ಲನ್ನು ಕುಟ್ಟಿದರು, ನೋಯಲಿಲ್ಲ. ತಣ್ಣಗಿನದೇನನ್ನೋ ತಾಗಿಸಿದರು, ಜುಂ ಎಂದು ಕೂಡಲೇ ತಣಿಯಿತು. ಟಾರ್ಚು ಬಿಟ್ಟು ನಾಲಿಗೆ, ಕೆನ್ನೆಯ ಒಳಗೆಲ್ಲ ತಡವಿ, "ಗಾಯ, ಗಂಟು, ಬಿಳಿ ಕಲೆ ಏನೂ ಇಲ್ಲ" ಎಂದರು. ಆಮೇಲೆ ಎರಡೂ ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿಸಿದರು. ಎಡಗಡೆ ಕಟಕ್ ಎಂದಿತು. ಕನ್ನಡಿ ಹಿಡಿದರು, ಗದ್ದ ನೇರ ಇಳಿಯದೆ ಎಡಕ್ಕೆ ವಾಲುತ್ತಿತ್ತು. ಕೆನ್ನೆಯ ಸ್ನಾಯು ಒತ್ತಿದಾಗ ಅವರ ಕೈಯನ್ನೇ ತಳ್ಳಿಬಿಟ್ಟೆ.

"ಅದೇ! ಅದೇ ನೋವು!"

"ಇದು ಹಲ್ಲೇನ್ರಿ?"

ಉದ್ಯೋಗ ಕೇಳಿದರು. ಅಡಿಕೆ ವ್ಯಾಪಾರಿಯೊಬ್ಬರ ಬಳಿ ಮಾಲು ನೋಡುವ ಕೆಲಸ ನನ್ನದು. ಸಿಪ್ಪೆಸಮೇತ ಬಿಸಿಲಿಗೆ ಹಾಕಿದ ಚಾಲಿ ಅಡಿಕೆ ಸರಿಯಾಗಿ ಒಣಗಿದೆಯೋ ಇಲ್ಲವೋ ಎಂದು ಎಡದವಡೆಯಲ್ಲಿ ಕಡಿದೇ ಹೇಳುವವನು; ಅಡಕತ್ತರಿ ಹಿಡಿಯುವವರನ್ನು ಕಂಡರೆ ನನಗೆ ತಾತ್ಸಾರ. ಇದನ್ನು ಕೊಂಚ ಹೆಮ್ಮೆಯಿಂದಲೇ ಹೇಳಿದೆ.

"ನಿದ್ದೇಲೂ ಹಲ್ಲು ಕಡೀತಾರೆ, ಡಾಕ್ಟ್ರೇ" ಎಂದಳು ಹೆಂಡತಿ. "ಯಾರ ಮೇಲೆ ಸಿಟ್ಟೋ ದೇವರಿಗೇ ಗೊತ್ತು."

"ದವಡಿ ಕೀಲು ಸೋತೈತಿ, ಸ್ನಾಯು ಬಿಗಿದಾವು. ಅದು ದೂರು ಕೊಡಾಕತ್ತೈತಿ, ನೀವು ಸಾಕ್ಷಿ ಹೇಳಾಕ ಬಂದ ಹಲ್ಲನ್ನ ಹಿಡಿದು ಹೊಡ್ಯಾಕತ್ತೀರಿ."

"ಹಾಗಾದ್ರೆ ಕಿತ್ತದ್ದು?"

"ಒಳ್ಳೇ ಹಲ್ಲು."

ಅಡಿಕೆ ಕಡಿಯುವುದು ಬಂದ್. ಮೆತ್ತಗಿನ ಊಟ, ಬಿಸಿ ಶಾಖ. ಮಲಗುವಾಗ ಹಲ್ಲಿಗೆ ಹಾಕಿಕೊಳ್ಳಲು ಒಂದು ಅಚ್ಚು. ಹಗಲಲ್ಲಿ ತುಟಿ ಮುಚ್ಚಿದ್ದರೂ ಮೇಲಿನ ಹಲ್ಲು ಕೆಳಗಿನದಕ್ಕೆ ತಾಗಕೂಡದು. ಪಕ್ಕದ ಹಲ್ಲಿನ ಮಾತನ್ನು ನಾನೂ ಎತ್ತಲಿಲ್ಲ, ಉಪಕಾರವಾಯಿತು ಎಂದೂ ಹೇಳಲಿಲ್ಲ.

ಊರಿಗೆ ಮರಳುವ ಬಸ್ಸು ಸೋಂದಾ ಕ್ರಾಸ್ ದಾಟಿದರೂ ಹೆಂಡತಿ ಬೈಗುಳ ನಿಲ್ಲಿಸಲಿಲ್ಲ. "ಯಲ್ಲಾಪುರದ ಡಾಕ್ಟ್ರು ಬೇಡ ಹೇಳಿದ್ರು, ಆನೂ ಹೇಳಿದ್ದೆ. ಕೇಳ್ತ್ರಿಲ್ಲೆ. ಎಂತ, ಈಗ ಮಾತಿಲ್ಯ?"

ಮಾತು ಬೇಕಾದಷ್ಟಿತ್ತು. ಆದರೆ ಹಲ್ಲಿಗೆ ಹಲ್ಲು ತಾಗಿಸದೆ ಸಿಟ್ಟು ಮಾಡುವುದು ಹೇಗೆಂದು ಡಾಕ್ಟರಮ್ಮ ಹೇಳಿಕೊಟ್ಟಿರಲಿಲ್ಲ. ದವಡೆ ಸಡಿಲ ಬಿಟ್ಟು, ಪೆದ್ದನಂತೆ ಕಿಟಕಿಯಾಚೆ ನೋಡುತ್ತ ಕೂತೆ. ಉಳಿದ ಹಲ್ಲು ಉಳಿಯಿತು.